ನಾಲ್ಕು ಜ್ವರದ ಹುಳ

ಕೆ.ಆರ್. ಪೇಟೆ ಕಡೆಯ ಹುಳು ಮನೆಯೊಂದರ ಮುಂದೆ ನಿಂತು ‘ಸೊಪ್ಪು ಹಾಕಿದ್ರಾ?’ ಎಂದು ಕೇಳಿ ನೋಡಿ. ‘ಇಲ್ಲ, ಹುಳ ಜ್ವರಕ್ಕೆ ಕೂತವೆ’ ಎಂಬ ಉತ್ತರ ಬಂದೀತು. ಹೇಳಿದವರ ಮುಖದಲ್ಲಿ ಚಿಂತೆಯೇನೂ ಇರುವುದಿಲ್ಲ. ಪಾಂಡವಪುರವಿರಲಿ, ನಾಗಮಂಗಲವಿರಲಿ, ರೇಷ್ಮೆ ಸಾಕುವವರಿಗೆ ಜ್ವರವೆಂದರೆ ಕಾಯಿಲೆಯೂ ಹೌದು, ಹುಳ ಪೊರೆ ಬಿಡುವ ಹೊತ್ತೂ ಹೌದು.

ಮೊಟ್ಟೆಯೊಡೆದ ಮೇಲೆ ಗೂಡು ಕಟ್ಟುವವರೆಗಿನ ಸುಮಾರು 25 ದಿನಗಳಲ್ಲಿ ಹುಳಕ್ಕೆ ನಾಲ್ಕು ಜ್ವರ. ರೈತರ ಲೆಕ್ಕವೆಲ್ಲ ಇದರ ಮೇಲೆಯೇ ನಡೆಯುತ್ತದೆ. ಎಳೆಯ ಹುಳ ಸಾಕಿಕೊಡುವ ಚಾಕಿ ಕೇಂದ್ರದಿಂದ ತರುವುದು ಎರಡನೇ ಜ್ವರ ದಾಟಿದ ಹುಳ. ನಾಲ್ಕನೆಯದು ಎದ್ದಮೇಲಂತೂ ಮನೆಮಂದಿಗೆಲ್ಲ ಸೊಪ್ಪು ಕೊಯ್ಯುವುದೇ ಕೆಲಸ. ಹುಳ ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80ರಷ್ಟು ಆಗಲೇ ಖರ್ಚಾಗುತ್ತದೆ.

ಜ್ವರಕ್ಕೆ ಕೂತ ಹುಳವನ್ನು ಹತ್ತಿರದಿಂದ ನೋಡಬೇಕು. ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಅಲುಗಾಡದೆ ಕೂತಿರುತ್ತದೆ. ಚರ್ಮ ಬಿಗಿದು ಹೊಳೆಯುತ್ತದೆ. ಹಳೆಯ ತಲೆಯ ಹಿಂದೆ ಹೊಸದು ಕಪ್ಪಗೆ, ಮುಕ್ಕೋನವಾಗಿ ಕಾಣುತ್ತದೆ. ಊಟ ಬಿಟ್ಟು ಮಲಗಿದ ಮನುಷ್ಯರನ್ನು ಕಂಡವರೇ ಈ ಹೆಸರಿಟ್ಟಿರಬೇಕು. ‘ನಿರ್ಮೋಚನ’ ಎಂಬ ಪುಸ್ತಕದ ಪದಕ್ಕೆ ಇಷ್ಟು ಕಣ್ಣಿಲ್ಲ. ಆಗ ತಟ್ಟೆಯ ಮೇಲೆ ಸುಣ್ಣದ ಪುಡಿ ಎರಚಿ ಉಳಿದ ಸೊಪ್ಪನ್ನು ಒಣಗಿಸುತ್ತಾರೆ. ಗಾಳಿ ಆಡಬೇಕು, ಹುಳವನ್ನು ಮುಟ್ಟಬಾರದು. ಒಂದು ದಿನದ ಆಸುಪಾಸಿನಲ್ಲಿ ಪೊರೆ ಬಿಟ್ಟು ಏಳುತ್ತದೆ. ಮೊದಲೆದ್ದವು ಹಸಿದಿವೆಯೆಂದು ಅವಸರಪಟ್ಟು ಸೊಪ್ಪು ಹಾಕಿದರೆ ಹುಳ ಸಣ್ಣದು ದೊಡ್ಡದಾಗಿ ಹೋಗುತ್ತವೆ. ಎಲ್ಲವೂ ಏಳುವ ತನಕ ಕಾಯುವ ಆ ತಾಳ್ಮೆಯೇ ಈ ಕಸುಬಿನ ದೊಡ್ಡ ವಿದ್ಯೆ ಎಂದು ನನ್ನ ನಂಬಿಕೆ.

ಈ ವಿದ್ಯೆಗೆ ಶ್ರೀರಂಗಪಟ್ಟಣದ ನಂಟು ಹಳೆಯದು. ಬಂಗಾಳಕ್ಕೆ ಕಳಿಸಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ರೇಷ್ಮೆ ಹುಳದೊಡನೆ ಮರಳುತ್ತಿದ್ದಾರೆಂದು ಟಿಪ್ಪು ಸುಲ್ತಾನ್ 1786ರಲ್ಲಿ ಅಲ್ಲಿನ ಕಿಲ್ಲೇದಾರನಿಗೆ ಬರೆದ. ಹುಳ ಇಡಲು ತಕ್ಕ ಜಾಗ ಯಾವುದೆಂದು ಅವರನ್ನೇ ಕೇಳಿ ಏರ್ಪಾಡು ಮಾಡುವಂತೆಯೂ ಆ ಪತ್ರದಲ್ಲಿ ಸೂಚಿಸಿದ್ದ.

ಹುಳದ ನಿಜವಾದ ಕಾಯಿಲೆಗಳಿಗೆ ಬೇರೆ ಹೆಸರುಗಳಿವೆ: ಹಾಲುತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ. ಆದರೂ ಎರಡು ಅರ್ಥಗಳು ಒಂದು ಕಡೆ ಕೂಡುತ್ತವೆ. ಕೆಲವು ಹುಳ ಎದ್ದು, ಕೆಲವು ಏಳದೆ ಜ್ವರ ಏರುಪೇರಾದರೆ ಅನುಭವಸ್ಥರಿಗೆ ಗಂಟು ರೋಗದ ಅನುಮಾನ ಬರುತ್ತದೆ. ಇದೇ ರೋಗದ ಬೆನ್ನು ಹತ್ತಿ ಲೂಯಿ ಪಾಶ್ಚರ್ 1865ರಿಂದ ದಕ್ಷಿಣ ಫ್ರಾನ್ಸಿನಲ್ಲಿ ವರ್ಷಗಟ್ಟಲೆ ದುಡಿದ. ಮನುಷ್ಯರ ರೋಗಾಣುಗಳ ಕಡೆ ಅವನು ಹೊರಳಿದ್ದು ಆಮೇಲೆ. ಮೊಟ್ಟೆಯಿಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗ ಕಂಡರೆ ಆ ಮೊಟ್ಟೆಗಳನ್ನು ನಾಶಮಾಡುವ ಅವನ ಕ್ರಮವನ್ನೇ ನಮ್ಮ ಬಿತ್ತನೆ ಕೋಠಿಗಳು ಇಂದಿಗೂ ನಡೆಸಿಕೊಂಡು ಬಂದಿವೆ.