ಆಪ್ಟೀಷಿಯನ್ ವೃತ್ತಿಯವರಿಗೆ ವಿದೇಶೀ ಉದ್ಯೋಗದಾತರ ಪ್ರಾಯೋಜಿತ ವೀಸಾ: ಅರ್ಜಿದಾರರ ತಿಳಿವಳಿಕೆಗಾಗಿ

ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ, ವಿಶೇಷವಾಗಿ ಮೂಗೂರು ಹೋಬಳಿಯ ಸಾರ್ವಜನಿಕರ ಪೈಕಿ ಕನ್ನಡಕದ ಅಂಗಡಿ, ಲೆನ್ಸ್ ತಯಾರಿಕಾ ಘಟಕ ಅಥವಾ ಕಣ್ಣಾಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದು, ವಿದೇಶದಲ್ಲಿ ಅದೇ ವೃತ್ತಿಯ ಉದ್ಯೋಗಕ್ಕೆ ತೆರಳಲು ಇಚ್ಛಿಸುವವರ ಮಾಹಿತಿಗಾಗಿ ಈ ಲೇಖನವನ್ನು ಪ್ರಕಟಿಸಲಾಗಿದೆ. ಕರಾವಳಿಯ ಅನೇಕ ಮನೆಗಳಲ್ಲಿ ಕೊಲ್ಲಿ ರಾಷ್ಟ್ರಗಳ ಉದ್ಯೋಗದ ಅನುಭವವು ಎರಡು ಮೂರು ತಲೆಮಾರುಗಳದ್ದಾಗಿದ್ದು, ಯಾವ ಕಾಗದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬುದನ್ನು ಮನೆಯ ಹಿರಿಯರೇ ಹೇಳಬಲ್ಲರು. ನಮ್ಮ ಭಾಗದ ಅರ್ಜಿದಾರರಿಗೆ ಬಹುಮಟ್ಟಿಗೆ ಆ ಅನುಕೂಲವಿಲ್ಲ.

ಪ್ರಾಯೋಜಿತ ವೀಸಾ ಎಂದರೇನು

ವಿದೇಶದ ಉದ್ಯೋಗದಾತನು ತನ್ನ ಸರ್ಕಾರದ ಮುಂದೆ "ಈ ವ್ಯಕ್ತಿಯನ್ನು ಇಂತಹ ಹುದ್ದೆಗೆ, ಇಷ್ಟು ವೇತನಕ್ಕೆ ನೇಮಿಸಿಕೊಳ್ಳುತ್ತೇನೆ" ಎಂದು ಹೊಣೆ ಹೊತ್ತು ಪಡೆಯುವ ಅನುಮತಿಯ ಆಧಾರದ ಮೇಲೆ ನೀಡಲಾಗುವ ವೀಸಾ ಇದಾಗಿದೆ. ಆದುದರಿಂದ ವೀಸಾ ವ್ಯಕ್ತಿಗೆ ಮಾತ್ರ ಸಂಬಂಧಿಸಿದ್ದಲ್ಲ. ಆ ಉದ್ಯೋಗದಾತನಿಗೂ ಆ ಹುದ್ದೆಗೂ ಅದು ತಳಕು ಹಾಕಿಕೊಂಡಿರುತ್ತದೆ. ಹುದ್ದೆ ಹೋದರೆ ವಾಸದ ಹಕ್ಕಿಗೂ ಕುತ್ತು ಬರುತ್ತದೆ. ಉದಾಹರಣೆಗೆ ಬ್ರಿಟನ್ನಿನಲ್ಲಿ ಪ್ರಾಯೋಜಕತ್ವ ಕೊನೆಗೊಂಡಲ್ಲಿ ಬೇರೊಬ್ಬ ಪ್ರಾಯೋಜಕನನ್ನು ಹುಡುಕಿಕೊಳ್ಳಲು ಅಥವಾ ದೇಶ ಬಿಡಲು ಸಾಮಾನ್ಯವಾಗಿ 60 ದಿನಗಳ ಕಾಲಾವಕಾಶ ಮಾತ್ರ ದೊರೆಯುತ್ತದೆ.

ಹುದ್ದೆಯ ಹೆಸರು ಮೊದಲು ಸ್ಪಷ್ಟವಾಗಲಿ

ಅರ್ಜಿದಾರರು ಅತ್ಯಂತ ಎಚ್ಚರಿಕೆಯಿಂದ ಪರಿಶೀಲಿಸಬೇಕಾದ ಅಂಶ ಇದೇ. ನಮ್ಮಲ್ಲಿ ಕಣ್ಣು ತಪಾಸಣೆ ಮಾಡುವವರು, ಚೀಟಿ ನೋಡಿ ಲೆನ್ಸ್ ಮತ್ತು ಫ್ರೇಮು ಹೊಂದಿಸಿಕೊಡುವವರು, ಯಂತ್ರದಲ್ಲಿ ಲೆನ್ಸ್ ಉಜ್ಜಿ ಫ್ರೇಮಿಗೆ ಕೂರಿಸುವವರು, ಎಲ್ಲರನ್ನೂ ಜನರು "ಕನ್ನಡಕದ ಅಂಗಡಿಯವರು" ಎಂದೇ ಕರೆಯುವುದುಂಟು. ಒಬ್ಬರೇ ಈ ಮೂರೂ ಕೆಲಸಗಳನ್ನು ನಿರ್ವಹಿಸುವುದೂ ಉಂಟು. ಆದರೆ ವಿದೇಶಗಳ ವೀಸಾ ಮತ್ತು ವೃತ್ತಿ ಪರವಾನಗಿ ನಿಯಮಗಳಲ್ಲಿ ಇವು ಬೇರೆ ಬೇರೆ ಹುದ್ದೆಗಳಾಗಿರುತ್ತವೆ. ಬಿ.ಎಸ್ಸಿ. ಆಪ್ಟೋಮೆಟ್ರಿ ಪದವೀಧರರು ಒಂದು ವರ್ಗ. ಕರ್ನಾಟಕ ಪ್ಯಾರಾ ಮೆಡಿಕಲ್ ಮಂಡಳಿಯ ನೇತ್ರ ತಂತ್ರಜ್ಞಾನ ಡಿಪ್ಲೊಮಾ ಪಡೆದವರು ಇನ್ನೊಂದು ವರ್ಗ. ಅಂಗಡಿಯಲ್ಲಿಯೇ ಹತ್ತು ವರ್ಷ ಕೆಲಸ ಕಲಿತು ಯಾವ ಪ್ರಮಾಣಪತ್ರವೂ ಇಲ್ಲದವರು ಮೂರನೆಯ ವರ್ಗ. ಭಾರತದಲ್ಲಿಯೂ 2021ರ ರಾಷ್ಟ್ರೀಯ ಪೂರಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಅಧಿನಿಯಮವು ಆಪ್ಟೋಮೆಟ್ರಿಸ್ಟರನ್ನು ಪ್ರತ್ಯೇಕ ಆರೋಗ್ಯ ವೃತ್ತಿಯವರೆಂದು ಗುರುತಿಸಿದೆ.

ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಕಣ್ಣು ತಪಾಸಣೆ ಮಾಡುವ ಹುದ್ದೆಗೆ ವೀಸಾ ಮಾತ್ರ ಸಾಲದು. ದುಬೈ ಆರೋಗ್ಯ ಪ್ರಾಧಿಕಾರ, ಅಬುಧಾಬಿ ಆರೋಗ್ಯ ಇಲಾಖೆ ಅಥವಾ ಉಳಿದ ಎಮಿರೇಟುಗಳಿಗೆ ಸಂಬಂಧಿಸಿದ ಆರೋಗ್ಯ ಸಚಿವಾಲಯದ ಪರವಾನಗಿಯೂ ಬೇಕು. ಸೌದಿ ಅರೇಬಿಯಾದಲ್ಲಿ ಸೌದಿ ಆರೋಗ್ಯ ವೃತ್ತಿಗಳ ಆಯೋಗದ ನೋಂದಣಿ ಅಗತ್ಯ. ಇದಕ್ಕಾಗಿ ಅರ್ಜಿದಾರರ ಪ್ರಮಾಣಪತ್ರಗಳನ್ನು ಅವುಗಳನ್ನು ನೀಡಿದ ಸಂಸ್ಥೆಯಿಂದಲೇ ನೇರವಾಗಿ ದೃಢಪಡಿಸಿಕೊಳ್ಳುವ ವ್ಯವಸ್ಥೆ ಇದ್ದು, ಜನರು ಇದನ್ನು "ಡೇಟಾಫ್ಲೋ" ಎಂದು ಕರೆಯುತ್ತಾರೆ.

ಪ್ರಮಾಣಪತ್ರವಿಲ್ಲದ ಅನುಭವಸ್ಥರಿಗೆ ಕೆಲವು ಮಧ್ಯವರ್ತಿಗಳು "ಆಪ್ಟೀಷಿಯನ್ ಕೆಲಸ" ಎಂದು ಬಾಯಿಮಾತಿನಲ್ಲಿ ಹೇಳಿ, ಮಾರಾಟಗಾರ ಅಥವಾ ಸಹಾಯಕ ಎಂಬ ಹುದ್ದೆಯ ಮೇಲೆ ವೀಸಾ ತರಿಸಿಕೊಡುವ ಸಂಭವವಿರುತ್ತದೆ. ಮಾರಾಟಗಾರನ ವೀಸಾ ಪಡೆಯುವುದೇ ತಪ್ಪೆಂದಲ್ಲ. ಆದರೆ ಆ ವೀಸಾದ ಮೇಲೆ ಹೋದವರು ಅಲ್ಲಿ ಪರವಾನಗಿಯಿಲ್ಲದೆ ಕಣ್ಣು ತಪಾಸಣೆ ಮಾಡಿದಲ್ಲಿ ಶಿಕ್ಷೆಗೆ ಗುರಿಯಾಗುವವರು ಅವರೇ; ವೇತನವೂ ವೀಸಾದಲ್ಲಿರುವ ಹುದ್ದೆಯದ್ದೇ ಆಗಿರುತ್ತದೆ. ಆದಕಾರಣ ಉದ್ಯೋಗ ಪ್ರಸ್ತಾಪ ಪತ್ರ, ಕರಾರು ಮತ್ತು ವೀಸಾ ಈ ಮೂರರಲ್ಲಿಯೂ ಹುದ್ದೆಯ ಹೆಸರು ಒಂದೇ ಇರುವುದನ್ನು ಹೊರಡುವ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು.

ಬ್ರಿಟನ್ನಿಗೆ ಸಂಬಂಧಿಸಿದಂತೆ

ಬ್ರಿಟನ್ನಿನಲ್ಲಿ ಆಪ್ಟೋಮೆಟ್ರಿಸ್ಟ್ ಮತ್ತು ಡಿಸ್ಪೆನ್ಸಿಂಗ್ ಆಪ್ಟೀಷಿಯನ್ ಎರಡೂ 1989ರ ಆಪ್ಟೀಷಿಯನ್ಸ್ ಕಾಯಿದೆಯಡಿ ಸಂರಕ್ಷಿತ ಹೆಸರುಗಳು. ಜನರಲ್ ಆಪ್ಟಿಕಲ್ ಕೌನ್ಸಿಲ್‌ನಲ್ಲಿ ನೋಂದಣಿಯಾಗದವರು ಅವುಗಳನ್ನು ಬಳಸುವಂತಿಲ್ಲ. ಭಾರತದ ಪದವಿಯೊಂದರಿಂದಲೇ ಈ ನೋಂದಣಿ ದೊರೆಯುವುದಿಲ್ಲ. ಇದಲ್ಲದೆ ದಿನಾಂಕ 22-07-2025ರಿಂದ ನುರಿತ ಉದ್ಯೋಗಿ ವೀಸಾಕ್ಕೆ ಹುದ್ದೆಯು ಸಾಮಾನ್ಯವಾಗಿ ಪದವಿ ಮಟ್ಟದ್ದಾಗಿರಬೇಕೆಂದು ನಿಯಮವನ್ನು ಬಿಗಿಗೊಳಿಸಲಾಗಿದ್ದು, ಸಾಮಾನ್ಯ ಕನಿಷ್ಠ ವೇತನವನ್ನು ವಾರ್ಷಿಕ 41,700 ಪೌಂಡುಗಳಿಗೆ ಏರಿಸಲಾಗಿದೆ. 08-01-2026ರಿಂದ ಇಂಗ್ಲಿಷ್ ಭಾಷೆಯ ಅರ್ಹತಾ ಮಟ್ಟವನ್ನೂ ಹೆಚ್ಚಿಸಲಾಗಿದೆ. ಹಳೆಯ ನಿಯಮದಲ್ಲಿ ಹೋದ ಪರಿಚಯಸ್ಥರ ಮಾತನ್ನು ನಂಬಿ ಹಣ ಕಟ್ಟಬಾರದೆಂಬುದು ಇದರಿಂದ ಸ್ಪಷ್ಟ.

ಅಲ್ಲಿನ ಉದ್ಯೋಗದಾತನು ನೀಡುವ ಪ್ರಾಯೋಜಕತ್ವ ಪ್ರಮಾಣಪತ್ರವು ಹೆಸರಿಗೆ ಪ್ರಮಾಣಪತ್ರವಾದರೂ ಮುದ್ರೆ ಒತ್ತಿದ ಕಾಗದವಲ್ಲ. ಅದು ವಿದ್ಯುನ್ಮಾನ ದಾಖಲೆಯಾಗಿದ್ದು, ಅದಕ್ಕೊಂದು ಉಲ್ಲೇಖ ಸಂಖ್ಯೆಯಿರುತ್ತದೆ. ನೀಡಿದ ಮೂರು ತಿಂಗಳೊಳಗೆ ವೀಸಾ ಅರ್ಜಿ ಸಲ್ಲಿಸಬೇಕು. ಪರವಾನಗಿ ಪಡೆದ ಪ್ರಾಯೋಜಕರ ಪಟ್ಟಿಯನ್ನು ಬ್ರಿಟನ್ ಸರ್ಕಾರದ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಈ ಪ್ರಮಾಣಪತ್ರದ ಶುಲ್ಕವನ್ನು 31-12-2024ರಿಂದ ಈಚೆಗೆ ನುರಿತ ಉದ್ಯೋಗಿಯಿಂದ ವಸೂಲು ಮಾಡುವಂತಿಲ್ಲ; ವಲಸೆ ಕೌಶಲ್ಯ ಶುಲ್ಕವನ್ನಂತೂ ಎಂದೂ ಮಾಡುವಂತಿಲ್ಲ. "ಸರ್ಟಿಫಿಕೇಟಿಗೆ ಇಷ್ಟು ಲಕ್ಷ" ಎಂದು ಕೇಳುವವರನ್ನು ಅಲ್ಲಿಯೇ ನಿಲ್ಲಿಸುವುದು ಲೇಸು.

ಪಾಸ್‌ಪೋರ್ಟ್ ಮತ್ತು ವಲಸೆ ಅನುಮತಿ

ಪಾಸ್‌ಪೋರ್ಟಿಗಾಗಿ ಈಗ ಬೆಂಗಳೂರಿಗೆ ಹೋಗಬೇಕಾಗಿಲ್ಲ. ದೇಶದ ಮೊದಲ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರವು 2017ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಆರಂಭಗೊಂಡಿತು. 36 ಪುಟಗಳ ಸಾಮಾನ್ಯ ಪಾಸ್‌ಪೋರ್ಟಿನ ಶುಲ್ಕ ರೂ. 1,500.

ಎಸ್.ಎಸ್.ಎಲ್.ಸಿ. ತೇರ್ಗಡೆಯಾಗದ ಉದ್ಯೋಗಾಕಾಂಕ್ಷಿಗಳ ಪಾಸ್‌ಪೋರ್ಟಿನಲ್ಲಿ ಸಾಮಾನ್ಯವಾಗಿ "ಇ.ಸಿ.ಆರ್." ಎಂಬ ನಮೂದಿರುತ್ತದೆ. ಇಂತಹವರು ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ, ಕತಾರ್, ಕುವೈತ್, ಒಮಾನ್, ಬಹ್ರೇನ್, ಮಲೇಷ್ಯಾ ಮುಂತಾದ ಅಧಿಸೂಚಿತ 18 ದೇಶಗಳಿಗೆ ಉದ್ಯೋಗಕ್ಕಾಗಿ ತೆರಳುವ ಮುನ್ನ, 1983ರ ವಲಸೆ ಅಧಿನಿಯಮದನ್ವಯ ವಲಸಿಗರ ರಕ್ಷಣಾಧಿಕಾರಿಯ ಅನುಮತಿಯನ್ನು ಇ-ಮೈಗ್ರೇಟ್ ಜಾಲತಾಣದ ಮೂಲಕ ಪಡೆಯುವುದು ಕಡ್ಡಾಯ. ಇದರೊಂದಿಗೆ ಪ್ರವಾಸಿ ಭಾರತೀಯ ವಿಮಾ ಯೋಜನೆಯ ರಕ್ಷಣೆಯೂ ಕಡ್ಡಾಯವಾಗಿದ್ದು, ವಿಮಾ ಕಂತು ಎರಡು ವರ್ಷಕ್ಕೆ ರೂ. 275, ಮೂರು ವರ್ಷಕ್ಕೆ ರೂ. 375. ಅಪಘಾತದಿಂದ ಮರಣ ಅಥವಾ ಶಾಶ್ವತ ಅಂಗವಿಕಲತೆ ಉಂಟಾದಲ್ಲಿ ರೂ. 10 ಲಕ್ಷದ ಪರಿಹಾರವಿದೆ. ಪಾಸ್‌ಪೋರ್ಟ್ ಪಡೆದ ನಂತರ ಎಸ್.ಎಸ್.ಎಲ್.ಸಿ. ತೇರ್ಗಡೆಯಾದವರು ಅಂಕಪಟ್ಟಿ ಲಗತ್ತಿಸಿ, ಈ ನಮೂದಿಲ್ಲದ ಪಾಸ್‌ಪೋರ್ಟಿಗೆ ಮರು ಅರ್ಜಿ ಸಲ್ಲಿಸಬಹುದು.

"ಸದ್ಯ ವಿಸಿಟ್ ವೀಸಾದಲ್ಲಿ ಬನ್ನಿ, ಅಲ್ಲಿ ಬಂದ ಮೇಲೆ ಬದಲಾಯಿಸೋಣ" ಎಂಬ ಮಾತಿಗೆ ಒಪ್ಪಿದವರು ಮೇಲಿನ ಎಲ್ಲ ರಕ್ಷಣೆಯನ್ನೂ ಕಳೆದುಕೊಳ್ಳುತ್ತಾರೆ. ಅನುಮತಿಯಿಲ್ಲ, ವಿಮೆಯಿಲ್ಲ, ದಾಖಲಾದ ಕರಾರೂ ಇಲ್ಲ.

ಖರ್ಚಿನ ಲೆಕ್ಕ

ನೋಂದಾಯಿತ ನೇಮಕಾತಿ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಗರಿಷ್ಠ ಸೇವಾ ಶುಲ್ಕ ರೂ. 30,000 ಮತ್ತು ಅದರ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ ರೂ. 5,400, ಒಟ್ಟು ರೂ. 35,400. ಇದಕ್ಕೆ ರಸೀದಿ ಪಡೆಯತಕ್ಕದ್ದು. ಸಂಯುಕ್ತ ಅರಬ್ ಸಂಸ್ಥಾನದ 2021ರ ಕಾರ್ಮಿಕ ಕಾನೂನು ನೇಮಕಾತಿಯ ವೆಚ್ಚವನ್ನು ಉದ್ಯೋಗಿಯಿಂದ ವಸೂಲು ಮಾಡುವುದನ್ನು ನಿಷೇಧಿಸಿದೆ. ಹೀಗಿರುವಾಗ ಒಬ್ಬ ಅಭ್ಯರ್ಥಿಯು ಏಜೆಂಟನಿಗೆ ಕೊಡಲು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ರೂ. 3 ಲಕ್ಷ ಕೈಸಾಲ ಮಾಡಿದನೆಂದು ಭಾವಿಸೋಣ. ಬಡ್ಡಿಯೇ ತಿಂಗಳಿಗೆ ರೂ. 6,000, ಎರಡು ವರ್ಷದ ಕರಾರು ಮುಗಿಯುವುದರೊಳಗೆ ರೂ. 1,44,000. ಅಸಲು ಹಾಗೆಯೇ ನಿಂತಿರುತ್ತದೆ. ಊರಿನ ಅಂಗಡಿಯ ಸಂಬಳವನ್ನೂ ಅಲ್ಲಿ ಊಟ ವಸತಿ ಕಳೆದು ಉಳಿಯುವ ಹಣವನ್ನೂ ಒಂದು ಹಾಳೆಯಲ್ಲಿ ಎದುರುಬದುರು ಬರೆದು, ಮನೆಯವರೊಡನೆ ಕುಳಿತು ನೋಡಿದ ನಂತರವೇ ಜಮೀನಿನ ಪತ್ರ ಅಥವಾ ಒಡವೆಯನ್ನು ಅಡವಿಡುವ ವಿಚಾರ ಮಾಡುವುದು ಸೂಕ್ತ.

ನೋಂದಣಿಯಿಲ್ಲದೆ ನೇಮಕಾತಿ ನಡೆಸುವುದು ಅಧಿನಿಯಮದ ಪ್ರಕಾರ ಅಪರಾಧವಾಗಿದ್ದು, ಎರಡು ವರ್ಷದವರೆಗೆ ಕಾರಾಗೃಹ ವಾಸ ಮತ್ತು ಎರಡು ಸಾವಿರ ರೂಪಾಯಿಗಳವರೆಗೆ ದಂಡ ವಿಧಿಸಬಹುದಾಗಿದೆ. ದಂಡದ ಮೊತ್ತ 1983ರದ್ದು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಏಜೆಂಟರ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ಜಾಲತಾಣದಲ್ಲಿ ತಾಳೆ ನೋಡಬಹುದು. ರಾಜ್ಯ ಸರ್ಕಾರದ ವತಿಯಿಂದ ಕರ್ನಾಟಕ ಕೌಶಲ್ಯ ಅಭಿವೃದ್ಧಿ ನಿಗಮದ ಅಂತಾರಾಷ್ಟ್ರೀಯ ವಲಸೆ ಕೇಂದ್ರವೂ ಕಾರ್ಯನಿರ್ವಹಿಸುತ್ತಿದೆ.

ದಾಖಲೆಗಳಲ್ಲಿ ಕಂಡುಬರುವ ತೊಡಕುಗಳು

ನಮ್ಮ ಭಾಗದಲ್ಲಿ ಹೆಸರಿನ ಮುಂದೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರ ಬರೆಯುವುದು ರೂಢಿ. ಶಾಲಾ ದಾಖಲೆಯಲ್ಲಿ "ಎಂ." ಎಂದಷ್ಟೇ ಇದ್ದು, ಪಾಸ್‌ಪೋರ್ಟಿನಲ್ಲಿ "ಮೂಗೂರು" ಎಂದು ವಿಸ್ತರಿಸಿದ್ದು, ಆಧಾರ್‌ನಲ್ಲಿ ಎರಡೂ ಇಲ್ಲದಿದ್ದರೆ ವಿದೇಶೀ ಪರಿಶೀಲಕರಿಗೆ ಅವರು ಮೂವರು ಬೇರೆ ವ್ಯಕ್ತಿಗಳಾಗಿ ಕಾಣುತ್ತಾರೆ. ಪಾಸ್‌ಪೋರ್ಟ್ ಅರ್ಜಿಯ ಹಂತದಲ್ಲಿಯೇ ಇದನ್ನು ಸರಿಪಡಿಸಿಕೊಳ್ಳುವುದು ಸುಲಭ. ಆನಂತರ ಪ್ರಮಾಣಪತ್ರ, ತಿದ್ದುಪಡಿ ಎಂದು ತಿಂಗಳುಗಳೇ ಕಳೆಯುತ್ತವೆ.

ಅನುಭವ ಪತ್ರವು ಅಂಗಡಿಯ ಹೆಸರು, ನೋಂದಣಿ ಸಂಖ್ಯೆ ಮತ್ತು ದೂರವಾಣಿಯಿರುವ ಮುದ್ರಿತ ಹಾಳೆಯಲ್ಲಿರಬೇಕು. ಸೇರಿದ ಮತ್ತು ಬಿಟ್ಟ ದಿನಾಂಕ, ನಿರ್ವಹಿಸಿದ ಕೆಲಸದ ವಿವರ ಇರಬೇಕು. ಸಂಬಳ ನಗದಾಗಿ ಪಡೆದವರ ಬಳಿ ಪುರಾವೆಯೇ ಇರುವುದಿಲ್ಲವಾದ್ದರಿಂದ, ಹೋಗುವ ಆಲೋಚನೆ ಇರುವವರು ಈಗಿನಿಂದಲೇ ಸಂಬಳವನ್ನು ಬ್ಯಾಂಕ್ ಖಾತೆಗೆ ಜಮಾ ಮಾಡುವಂತೆ ಮಾಲೀಕರನ್ನು ಕೋರುವುದು ಒಳ್ಳೆಯದು. ವ್ಯಾಸಂಗ ಪ್ರಮಾಣಪತ್ರಗಳಿಗೆ ಮೊದಲು ರಾಜ್ಯದ ಸಕ್ಷಮ ಪ್ರಾಧಿಕಾರದ, ಆನಂತರ ವಿದೇಶಾಂಗ ಸಚಿವಾಲಯದ ದೃಢೀಕರಣ ಬೇಕಾಗುತ್ತದೆ. ಅಪೋಸ್ಟಿಲ್ ಒಡಂಬಡಿಕೆಗೆ ಸೇರಿದ ಸೌದಿ ಅರೇಬಿಯಾದಂತಹ ದೇಶಗಳಿಗೆ ಅಲ್ಲಿಗೇ ಮುಗಿಯಿತು. ಸಂಯುಕ್ತ ಅರಬ್ ಸಂಸ್ಥಾನಕ್ಕೆ ಅದರ ರಾಯಭಾರ ಕಚೇರಿಯ ದೃಢೀಕರಣವೂ ಸೇರುತ್ತದೆ.

ಹೊರಡುವ ಮುನ್ನ ಪಾಸ್‌ಪೋರ್ಟ್, ವೀಸಾ, ಕರಾರು, ವಿಮಾ ಪತ್ರ ಮತ್ತು ಏಜೆಂಟರ ರಸೀದಿಯ ಒಂದೊಂದು ಪ್ರತಿಯನ್ನು ಮನೆಯಲ್ಲಿ ಬಿಟ್ಟು ಹೋಗತಕ್ಕದ್ದು. ವೇತನ ನೀಡದಿರುವುದು, ಪಾಸ್‌ಪೋರ್ಟ್ ಕಿತ್ತಿಟ್ಟುಕೊಳ್ಳುವುದು ಮುಂತಾದ ತೊಂದರೆಗಳಾದಲ್ಲಿ ಮನೆಯವರು ವಿದೇಶಾಂಗ ಸಚಿವಾಲಯದ ಮದದ್ ಜಾಲತಾಣದಲ್ಲಿ ಇಲ್ಲಿಂದಲೇ ದೂರು ದಾಖಲಿಸಬಹುದು ಅಥವಾ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರದ ಉಚಿತ ದೂರವಾಣಿ 1800 11 3090ಕ್ಕೆ ಕರೆ ಮಾಡಬಹುದು. ದೂರಿನಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಹಾಗೂ ಉದ್ಯೋಗದಾತರ ಪೂರ್ಣ ವಿಳಾಸವನ್ನು ನಮೂದಿಸತಕ್ಕದ್ದು.