ತಾರಸಿಯ ಮೇಲೊಂದು ಮಾಲ್ಟ್ ಮನೆ

ಬೆಂಗಳೂರಿನ ಕುರುಬರಹಳ್ಳಿಯ ಅಡ್ಡರಸ್ತೆಗಳಲ್ಲಿ ಬಿಸಿಲು ನೆಲಕ್ಕಿಳಿಯುವುದು ತಡ. ಮೂರು, ನಾಲ್ಕು ಅಂತಸ್ತಿನ ಮನೆಗಳು ಎರಡೂ ಕಡೆ ಒತ್ತಿಕೊಂಡು ನಿಂತಿರುವುದರಿಂದ ಅದು ಮೊದಲು ಮುಟ್ಟುವುದು ತಾರಸಿಯನ್ನು. ಅಲ್ಲಿ ಕಪ್ಪು ನೀರಿನ ಟ್ಯಾಂಕು, ಒಣಹಾಕಿದ ಶಾಲೆಯ ಯೂನಿಫಾರ್ಮು, ತುಳಸಿ ಕುಂಡ. ಅವುಗಳ ನಡುವೆ ಒಂದು ಹಳೆಯ ಬಿಳಿ ಪಂಚೆ, ಪಂಚೆಯ ತುಂಬ ತೆಳ್ಳಗೆ ಹರಡಿದ ರಾಗಿ. ಬಗ್ಗಿ ನೋಡಿದರೆ ಒಂದೊಂದು ಕಾಳಿನ ತುದಿಯಲ್ಲೂ ನೂಲೆಳೆಯಂಥ ಬಿಳಿ ಬೇರು. ಪಾರಿವಾಳ ಇಳಿಯದ ಹಾಗೆ ನೆರಳಿನಲ್ಲಿ ಕೂತು ಕಾಯುತ್ತಿರುವ ಅಜ್ಜಿಗೆ ಇದು ಮೊಮ್ಮಗುವಿನ ಸರಿಹಿಟ್ಟು. ಬಿಯರ್ ಕಾಯಿಸುವ ಕಸುಬಿನವರು ಕಂಡರೆ ಇದನ್ನು ಮಾಲ್ಟ್ ಎಂದು ಕೂಡಲೇ ಗುರುತಿಸುತ್ತಾರೆ.

ನ್ಯೂಜಿಲೆಂಡಿನ ಗ್ರೇನ್‌ಫಾದರ್, ಜರ್ಮನಿಯ ಬ್ರೌಮೈಸ್ಟರ್ ಆ ಕಸುಬನ್ನು ಮನೆಯೊಳಗೇ ತಂದಿರುವ ವಿದ್ಯುತ್ ಪಾತ್ರೆಗಳು. ಎತ್ತರದ ಒಂದೇ ಸ್ಟೀಲ್ ಪಾತ್ರೆಯ ತಳದಲ್ಲಿ ಹೀಟರ್, ಒಳಗೆ ಕಾಳಿನ ಬುಟ್ಟಿ, ಬಿಸಿನೀರನ್ನು ಕಾಳಿನ ಮೂಲಕ ಮತ್ತೆ ಮತ್ತೆ ಹರಿಸುವ ಪಂಪು. ನುಚ್ಚು ಮಾಡಿದ ಬಾರ್ಲಿ ಮಾಲ್ಟನ್ನು ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇರಿಸಿದರೆ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಬುಟ್ಟಿ ಎತ್ತಿ, ಹಾಪ್ ಹೂ ಹಾಕಿ ಕುದಿಸಿ, ತಣಿಸಿ, ಯೀಸ್ಟ್ ಬೆರೆಸುತ್ತಾರೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ಆದ್ದರಿಂದ ಆ ಕೊನೆಯ ಹೆಜ್ಜೆ ಇಲ್ಲಿನ ಅಡುಗೆಮನೆಗೆ ಸಲ್ಲದು. ಅದರ ಹಿಂದಿನ ವಿದ್ಯೆ, ಕಾಳನ್ನು ಮೊಳೆಯಿಸಿ ಅದರ ಸಿಹಿಯನ್ನು ಹೊರತೆಗೆಯುವ ವಿದ್ಯೆ ಮಾತ್ರ ಇಲ್ಲಿ ತಲೆಮಾರುಗಳಿಂದ ಇದೆ.

ತಾರಸಿಯ ಮೇಲಿನ ಆ ರಾಗಿ ಬಂದದ್ದು ಮಾಗಡಿ ಕಡೆಯ ಊರಿನಿಂದ, ಬಸ್ಸಿನಲ್ಲಿ, ಸಣ್ಣ ಚೀಲದಲ್ಲಿ. ಮೊದಲು ಮೊರದಲ್ಲಿ ಕೇರಿ, ಕಲ್ಲು ಹೋಗುವ ಹಾಗೆ ಗಾಲಿಸಿ, ನೀರು ತಿಳಿಯಾಗುವವರೆಗೆ ತೊಳೆದರು. ಒಂದು ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಪೂರ್ತಿ ಬಸಿದು ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿದರು. ಬೆಳಿಗ್ಗೆ, ಸಂಜೆ ಗಂಟು ಬಿಚ್ಚಿ ಕಾಳನ್ನು ಕೈಯಾಡಿಸಿ ನೀರು ಚಿಮುಕಿಸಬೇಕು. ಮೊಳೆಯುವ ಕಾಳು ಉಸಿರಾಡುತ್ತದೆ, ಒಳಗೊಳಗೇ ಬೆಚ್ಚಗಾಗುತ್ತದೆ. ಗಾಳಿ ಆಡದಿದ್ದರೆ ಮುಗ್ಗುಲು ವಾಸನೆ ಬಂದು ಬೂಸ್ಟು ಹಿಡಿಯುತ್ತದೆ. ಹಾಗಾದ ಗಂಟನ್ನು ತೊಳೆದು ಉಳಿಸಿಕೊಳ್ಳಲು ನೋಡದೆ ಚೆಲ್ಲಿಬಿಡಬೇಕು. ಬೇಸಿಗೆಯಲ್ಲಿ ಒಂದೂವರೆ ದಿನಕ್ಕೆ ಬರುವ ಮೊಳಕೆ ಡಿಸೆಂಬರಿನ ಚಳಿಯಲ್ಲಿ ಇನ್ನೂ ಹೊತ್ತು ಕೇಳುತ್ತದೆ.

“ಅತ್ತೆ, ಇನ್ನೊಂದಿನ ಬಿಡೋಣ್ವಾ?”

“ಬೇಡಮ್ಮ. ಬೇರು ಉದ್ದ ಆದಷ್ಟೂ ಕಾಳಲ್ಲಿರೋ ಸತ್ವಾನ ಅದೇ ತಿಂದ್ಬಿಡುತ್ತೆ.”

ಮಾಲ್ಟ್ ಶಾಸ್ತ್ರವೂ ಇದನ್ನೇ ಹೇಳುತ್ತದೆ. ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುವುದು ಅದರ ಕೆಲಸ. ಗಿಡ ಬೆಳೆಯತೊಡಗಿದರೆ ಆ ಸಕ್ಕರೆ ಗಿಡದ ಪಾಲು. ಕಿಣ್ವ ತುಂಬಿ, ಪಿಷ್ಟ ಇನ್ನೂ ಕರಗದಿರುವ ಹೊತ್ತಿನಲ್ಲಿ ಬೆಳವಣಿಗೆಯನ್ನು ನಿಲ್ಲಿಸಬೇಕು. ನಿಲ್ಲಿಸುವುದು ಬಿಸಿಲು.

ಗಲಗಲ ಒಣಗಿದ ಕಾಳನ್ನು ಅಂಗೈಯಲ್ಲಿ ಉಜ್ಜಿ ಕೇರಿದರೆ ಒಣಬೇರು ಹಾರಿಹೋಗುತ್ತದೆ. ನಂತರ ಸಣ್ಣ ಉರಿಯಲ್ಲಿ, ಘಮ ಏಳುವಷ್ಟು ಮಾತ್ರ ಬೆಚ್ಚಗೆ ಮಾಡಬೇಕು. ಕಪ್ಪಗೆ ಹುರಿದರೆ ಪರಿಮಳ ಹೆಚ್ಚುತ್ತದೆ, ಆದರೆ ಕಿಣ್ವ ಸಾಯುತ್ತದೆ. ಮಿಲ್ಲಿಗೆ ಬೆಳಗಿನ ಮೊದಲ ಪಾಳಿಯಲ್ಲೇ ಹೋಗಬೇಕು. ಬಾಗಿಲ ತುಂಬ ಹಿಟ್ಟಿನ ಧೂಳು, ಬೆಲ್ಟಿನ ಸದ್ದು, ಸಾಲುಗಟ್ಟಿದ ಡಬ್ಬಿಗಳು. “ಅಣ್ಣ, ಮಗೂಗೆ ಇದು, ಖಾರದಪುಡಿ ಬೀಸಿದ ಮೇಲೆ ಹಾಕ್ಬೇಡಿ” ಎಂದರೆ ಮಿಲ್ಲಿನವರು ತಲೆಯಾಡಿಸಿ ಡಬ್ಬಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ.

ಬಿಯರಿನ ವಿದ್ಯುತ್ ಪಾತ್ರೆ ಮಾಡುವ ಕೆಲಸ ಇಲ್ಲಿ ನಡೆಯುವುದು ಅಡುಗೆಮನೆಯಲ್ಲಿ. ಸೊಸೆ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ ಇಂಡಕ್ಷನ್ ಒಲೆಯ ಮೇಲಿಟ್ಟು ಮೆಲ್ಲಗೆ ಕಾಯಿಸುತ್ತಾಳೆ. ಅಂಚಿನಿಂದ ಹಬೆ ಎದ್ದು ಗುಳ್ಳೆ ಇನ್ನೂ ಬಾರದಿರುವ ಹೊತ್ತು, ಥರ್ಮಾಮೀಟರಿನಲ್ಲಿ 60ರಿಂದ 70 ಡಿಗ್ರಿ, ಕಿಣ್ವದ ಸುಗ್ಗಿ. ಆಗ ಒಲೆ ಆರಿಸಿ ಹತ್ತು ನಿಮಿಷ ಮುಚ್ಚಿಟ್ಟರೆ ಗಟ್ಟಿಯಾಗುತ್ತಿದ್ದ ಗಂಜಿ ಸೌಟಿನಿಂದ ಸರಾಗವಾಗಿ ಇಳಿಯುತ್ತದೆ, ನಾಲಿಗೆಗೆ ತೆಳುವಾದ ಸಿಹಿ ತಾಗುತ್ತದೆ. ಬೇರೆ ಸಕ್ಕರೆ ಬೇಕಿಲ್ಲ. ಹಿಟ್ಟನ್ನು ನೇರವಾಗಿ ಕುದಿನೀರಿಗೆ ಸುರಿದರೆ ಕಿಣ್ವ ಕೆಲಸಕ್ಕೆ ಇಳಿಯುವ ಮೊದಲೇ ನಾಶವಾಗಿ ಗಂಜಿ ಮುದ್ದೆಗಟ್ಟುತ್ತದೆ. ತೆಳುವಾದ ಮೇಲೆ ಚೆನ್ನಾಗಿ ಕುದಿಸುವುದನ್ನು ಬಿಡಬಾರದು. ತೇವದಲ್ಲಿ ಮೊಳೆತ ಕಾಳಿನಲ್ಲಿ ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ, ಕುದಿಯೇ ಅವುಗಳಿಗೆ ಮದ್ದು.

ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು 1970, 80ರ ದಶಕಗಳಲ್ಲಿ ರಾಗಿ ತಳಿಗಳ ಮಾಲ್ಟ್ ಗುಣವನ್ನು ಪರೀಕ್ಷಿಸಿ, ಅದನ್ನು ಶಿಶು ಆಹಾರಕ್ಕೆ ಬಳಸುವ ದಾರಿ ತೋರಿಸಿದರು. ಆರು ತಿಂಗಳು ದಾಟಿದ ಮಗುವಿನ ಹೊಟ್ಟೆ ಚಿಕ್ಕದು. ಗಂಜಿ ಗಟ್ಟಿಯಾದರೆ ನುಂಗಲಾರದು. ನೀರು ಬೆರೆಸಿದರೆ ಹೊಟ್ಟೆ ತುಂಬುತ್ತದೆ, ಶಕ್ತಿ ಸಾಲದು. ಮೊಳಕೆ ರಾಗಿಯಾದರೆ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದಂಶವಿದೆ. ಅದನ್ನು ಹಿಡಿದಿಟ್ಟುಕೊಳ್ಳುವ ಫೈಟೇಟ್ ಮೊಳಕೆಯಲ್ಲಿ ತಗ್ಗುವುದರಿಂದ ಮೈಗೆ ಹತ್ತುವ ಪಾಲೂ ಹೆಚ್ಚುತ್ತದೆ. ರಾಗಿಯ ತವರಾದ ಪೂರ್ವ ಆಫ್ರಿಕದಲ್ಲಿ ಈ ಮೊಳಕೆ ಕಾಳಿನಿಂದಲೇ ಬಿಯರ್ ತಯಾರಾಗುತ್ತದೆ. ನಮ್ಮಲ್ಲಿ ಆ ಕಾಳು ತೊಟ್ಟಿಲಿನ ಪಕ್ಕಕ್ಕೆ ಬಂದು ನಿಂತಿತು.

ಅಜ್ಜಿಗೆ ಡಿಗ್ರಿಯ ಲೆಕ್ಕ ಗೊತ್ತಿಲ್ಲ, ಹಬೆಯ ಗುರುತು ಗೊತ್ತು. ಸೊಸೆಯ ಥರ್ಮಾಮೀಟರಿಗೆ ಅಂಕಿ ಗೊತ್ತು, ಬೂಸ್ಟು ಹಿಡಿಯುವ ಮುಂಚಿನ ವಾಸನೆ ಗೊತ್ತಿಲ್ಲ. ಈ ಎರಡು ತಿಳಿವಳಿಕೆಗಳೂ ಒಂದೇ ಸೂರಿನಡಿ ಇರುವ ಮನೆಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಸಕ್ಕರೆ ಬೆರೆತ ಡಬ್ಬಿಯ ಮಾಲ್ಟ್ ಆ ಜಾಗಕ್ಕೆ ಸುಲಭವಾಗಿ ಬಂದು ಕೂರುತ್ತದೆ. ಎಷ್ಟು ಹೊತ್ತು ನೆನೆಸಬೇಕು, ಯಾವ ವಾಸನೆಗೆ ಗಂಟು ಬಿಚ್ಚಬೇಕು, ಎಷ್ಟು ಬಿಸಿಗೆ ಒಲೆ ಆರಿಸಬೇಕು ಎಂಬುದನ್ನು ಅಜ್ಜಿಯ ಪಕ್ಕದಲ್ಲಿ ಕೂತು ಒಮ್ಮೆ ಮಾಡಿ, ಬರೆದಿಟ್ಟುಕೊಳ್ಳಬೇಕು. ಅದಕ್ಕೆ ಬೇಕಾದ್ದು ಒಂದು ಸೇರು ರಾಗಿ, ಮೂರು ನಾಲ್ಕು ದಿನದ ತಾಳ್ಮೆ.