ಗಂಡನ ವೀಸಾ ಮುಗಿದಿದ್ದರೆ

ಅಕ್ಕಂದಿರೇ, ನಿಪ್ಪಾಣಿ, ರಾಯಬಾಗ ಕಡೆಯ ಸಂಘಗಳಿಗೆ ಹೋದಾಗ ನಾವು ಕೇಳುವ ಮಾತಿದು: "ದುಬೈದಾಗ ನಮ್ಮ ಮನೆಯವ್ರ ವೀಸಾ ಮುಗಿದೈತ್ರಿ. ಸುಮ್ನ ಕೆಲಸ ಮಾಡ್ಕೋತ ಇರ್ಲಿ, ಏನೂ ಆಗಂಗಿಲ್ಲ ಅಂತ ಏಜೆಂಟ ಹೇಳ್ಯಾನ."

ಈ ಸಲಹೆ ಶುದ್ಧ ತಪ್ಪು. ಅಲ್ಲಿ ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಾಮ್ ದಂಡ ಏರುತ್ತದೆ. ನೂರು ದಿನಕ್ಕೆ 5,000. 2024ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿಯ ಸರ್ಕಾರ ದಂಡ ಮನ್ನಾ ಮಾಡಿತ್ತು. ಅಂಥದ್ದು ಮತ್ತೆ ಬಂದೀತೆಂದು ಕಾಯಬೇಡಿ.

ಪಾಸ್‌ಪೋರ್ಟ್ ಕಳೆದಿದ್ದರೂ ದಾರಿಯಿದೆ. ದುಬೈಯ ಭಾರತೀಯ ಕಾನ್ಸುಲೇಟ್‌ನಲ್ಲಿ ಊರಿಗೆ ಮರಳಲು ತುರ್ತು ಪ್ರಮಾಣಪತ್ರ ಸಿಗುತ್ತದೆ. ನೀವೂ ಇಲ್ಲಿಂದಲೇ ಕೇಂದ್ರ ಸರ್ಕಾರದ 'ಮದದ್' ತಾಣದಲ್ಲಿ ದೂರು ಬರೆಸಬಹುದು. ಪಾಸ್‌ಪೋರ್ಟ್, ವೀಸಾಗಳ ಝೆರಾಕ್ಸ್, ಏಜೆಂಟನಿಗೆ ರೊಕ್ಕ ಕೊಟ್ಟ ಚೀಟಿ ಹುಡುಕಿಡಿ.

"ವೀಸಾ ಸರಿಮಾಡಿಸ್ತೀನಿ" ಅಂತ ಅದೇ ಏಜೆಂಟ ಮತ್ತೆ ಬಂದರೆ ಸಂಘದ ಸಾಲ ತೆಗೆದು ಅವನ ಕೈಗೆ ಹಾಕಬೇಡಿ. ಆ ರೊಕ್ಕ ದಂಡಕ್ಕೆ, ಟಿಕೆಟಿಗೆ ಬೇಕಾಗುತ್ತದೆ.